ನಾಗಪ್ಪನ ಭಯ ಯಾವ ಭಾಷೆಯದು?

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಈ ಸಲ ಓದಿದ್ದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಆಫೀಸಿನವರು ಬೆನ್ನು ಹತ್ತಿದ್ದಾರೆಂದು ಮೂರು ರಾತ್ರಿ ನಿದ್ದೆಗೆಟ್ಟಿದ್ದ ರೂಮ್‌ಮೇಟ್‌ನ ಕೇಸ್ ಪೇಪರ್ ಹಿಡಿದು ಸರದಿಗೆ ಕಾಯುತ್ತಿದ್ದೆ.

ನೌಕರಿಯಿಂದ ಸಸ್ಪೆಂಡಾದ ನಾಗಪ್ಪ, ಹತ್ತಿರ ಬಂದವರ ಮಾತಿನಲ್ಲೂ ಸಂಚು ಹುಡುಕುತ್ತಾನೆ. ನಮ್ಮ ವಿಮರ್ಶಕರು ಇದನ್ನು ಅಸ್ತಿತ್ವವಾದ, ಕಾರ್ಪೊರೇಟ್ ಕ್ರೌರ್ಯ ಎಂದೆಲ್ಲ ಓದಿದರು. ತಪ್ಪಲ್ಲ; ಬೇಟೆ ನಡೆದಿರುವುದಂತೂ ನಿಜ. ಆದರೆ ಬೇಟೆ ನಿಜವಾದ ಮಾತ್ರಕ್ಕೆ ಅವನಿಗೆ ಆಸರೆ ಬೇಡವೇ? ಸಂಚು ಎಲ್ಲಿ ಮುಗಿದು ಭ್ರಮೆ ಎಲ್ಲಿ ಶುರುವಾಗುತ್ತದೆಂದು ಓದುವವರಿಗೂ ಸುಲಭಕ್ಕೆ ತಿಳಿಯದು. ಕಾದಂಬರಿಯ ಕಸುವು ಅದೇ. ಆ ದಿಗಿಲನ್ನು ತತ್ವಜ್ಞಾನ ಮಾಡಿಬಿಟ್ಟರೆ ಮನುಷ್ಯ ಕೈತಪ್ಪುತ್ತಾನೆ.

ಆಗ ಜಾರಿಯಲ್ಲಿದ್ದುದು 1912ರ ಲೂನಸಿ ಕಾಯ್ದೆ, ಹೆಸರೇ ಹೆದರಿಸುವಂಥದು. ಇಂದು 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡವೂ ಉಂಟು, ಹಗಲೂ ರಾತ್ರಿ, ಪುಕ್ಕಟೆ. ನನಗೇ ಆ ನಂಬರು ತಿಳಿದದ್ದು ಆಮೇಲೆ.

ಡಾಕ್ಟರು ತಾಳ್ಮೆಯಿಂದಲೇ ಕೇಳಿದರು. ಗೆಳೆಯ ತನ್ನ ಹರಕು ಹಿಂದಿಯಲ್ಲಿ ‘ಡರ್ ಲಗ್ತಾ ಹೈ’ ಅಂದ, ಅಷ್ಟೇ. ಹೊರಗೆ ಬಂದವನು ಚಹಾ ಆರುವವರೆಗೂ ಕನ್ನಡದಲ್ಲಿ ಹೇಳುತ್ತಲೇ ಇದ್ದ. ಚಿತ್ತಾಲರು ನಾಗಪ್ಪನಿಗೆ ಅಷ್ಟೊಂದು ಪುಟ ಯಾಕೆ ಕೊಟ್ಟರೆಂದು ನನಗೆ ಗೊತ್ತಾದದ್ದು ಆಗ.