ತಗುಲಿದ ಕತ್ತಿ, ತಗುಲದ ಏಟು

ಹಳೆಯ ಆ್ಯಕ್ಷನ್ ಆರ್‌ಪಿಜಿಗಳ ಮಾತು ಬಂದಾಗ ಯಾರಾದರೊಬ್ಬರು ‘ಮಾರೋವಿಂಡ್’ ಹೆಸರೆತ್ತಿ ಹಲ್ಲು ಕಡಿಯುತ್ತಾರೆ. ಬೆತೆಸ್ಡಾದವರು 2002ರಲ್ಲಿ ತಂದ ಈ ಗೇಮಿನ ದ್ವೀಪ, ಅಲ್ಲಿನ ಮರದೆತ್ತರದ ಅಣಬೆಗಳು, ಬದುಕಿರುವಾಗಲೇ ದೇವರಾಗಿ ಕೂತ ಮೂವರ ರಾಜಕೀಯ, ಇವುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಹೊಡೆದಾಟದ್ದು. ಎದುರಿಗೇ ನಿಂತ ಏಡಿಗೆ ಬೀಸಿ ಹೊಡೆಯುತ್ತೀರಿ. ಅಲಗು ಅದರ ಚಿಪ್ಪಿನೊಳಗೆ ಹಾದು ಆಚೆ ಬಂದದ್ದು ಕಣ್ಣಿಗೆ ಕಾಣುತ್ತದೆ. ‘ಸುಂಯ್’ ಎಂಬ ಸದ್ದು ಬಿಟ್ಟರೆ ಮತ್ತೇನೂ ಆಗುವುದಿಲ್ಲ. ಇನ್ನೊಮ್ಮೆ ಹೊಡೆಯುತ್ತೀರಿ, ಇನ್ನೊಮ್ಮೆ ಸುಂಯ್. ಏಡಿ ಮಾತ್ರ ತನ್ನ ಪಾಡಿಗೆ ನಿಮ್ಮ ಕಾಲು ಕಡಿಯುತ್ತಿರುತ್ತದೆ.

ಪ್ರೋಗ್ರಾಂ ಕೆಟ್ಟಿದೆ ಎಂದುಕೊಂಡು ಗೇಮನ್ನೇ ಡಿಲೀಟ್ ಮಾಡಿದವರನ್ನು ಬಲ್ಲೆ. ಅದು ಕೆಟ್ಟಿಲ್ಲ. ಬರೆದವರು ಹೇಗೆ ಬರೆದರೋ ಹಾಗೆಯೇ ನಡೆಯುತ್ತಿದೆ. ಮೌಸ್ ಒತ್ತಿದಾಗಲೆಲ್ಲ ತೆರೆಯ ಹಿಂದೆ ಒಂದು ಲೆಕ್ಕ ನಡೆಯುತ್ತದೆ. ನಿಮ್ಮ ಕೈಯಲ್ಲಿರುವ ಆಯುಧದ ಸ್ಕಿಲ್ ಎಷ್ಟೋ ಅದಕ್ಕೆ ಅಜಿಲಿಟಿಯ ಐದನೇ ಒಂದು ಪಾಲನ್ನೂ ಲಕ್‌ನ ಹತ್ತನೇ ಒಂದು ಪಾಲನ್ನೂ ಕೂಡಿಸಬೇಕು. ಬಂದ ಮೊತ್ತವನ್ನು ದಣಿವಿನಿಂದ ಗುಣಿಸಬೇಕು: ಮೈತುಂಬ ಕಸುವಿದ್ದರೆ 1.25, ಪೂರ್ತಿ ಬಳಲಿದ್ದರೆ 0.75. ಅದರಲ್ಲಿ ಎದುರಾಳಿ ತಪ್ಪಿಸಿಕೊಳ್ಳುವ ಅಂಕಿಯನ್ನು ಕಳೆದರೆ ಉಳಿದದ್ದೇ ನೂರಕ್ಕೆ ಇಷ್ಟು ಎಂಬ ನಿಮ್ಮ ಅದೃಷ್ಟ.

ಹೊಸಬನ ಗತಿಯನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಖೈದಿಯಾಗಿ ಹಡಗಿಳಿದು, ಸೇಡಾ ನೀನ್ ಎಂಬ ಹಳ್ಳಿಯ ಸುಂಕದ ಕಚೇರಿಯಲ್ಲಿ ಹೆಸರು ಬರೆಸುತ್ತಾನೆ. ಶೂರನಾಗಬೇಕೆಂಬ ಆಸೆಯಿಂದ ಉದ್ದ ಕತ್ತಿಯನ್ನೇ ತನ್ನ ಮುಖ್ಯ ಸ್ಕಿಲ್ ಎಂದು ಆರಿಸಿರುತ್ತಾನೆ. ಆದರೆ ಕಚೇರಿಯ ಮೇಜಿನ ಮೇಲೆ ಸಿಗುವುದು ಕಬ್ಬಿಣದ ಚೂರಿ. ಚೂರಿಯ ಸ್ಕಿಲ್ಲೇ ಬೇರೆ, ಆರಿಸದೆ ಬಿಟ್ಟ ಸ್ಕಿಲ್‌ಗಳೆಲ್ಲ ಸಾಮಾನ್ಯವಾಗಿ 5ರಿಂದ ಶುರು. ಅಜಿಲಿಟಿ 40, ಲಕ್ 40 ಎಂದಿಟ್ಟುಕೊಂಡರೂ ಒಟ್ಟು 17. ಇನ್ನು ಇವನ ಕ್ಯಾರೆಕ್ಟರ್ ನಡೆಯುವುದು ಬಸವನಹುಳದ ವೇಗದಲ್ಲಾದ್ದರಿಂದ ಹೋದಲ್ಲೆಲ್ಲ ಓಡಿಯೇ ಹೋಗುತ್ತಾನೆ. ಓಡಿದರೆ ಕಸುವು ತೋರಿಸುವ ಹಸಿರು ಪಟ್ಟಿ ಖಾಲಿ. ಏಡಿಯ ಮುಂದೆ ಬಂದು ನಿಲ್ಲುವ ಹೊತ್ತಿಗೆ 17 ಹೋಗಿ 13ರ ಆಸುಪಾಸಿಗೆ ಇಳಿದಿರುತ್ತದೆ, ಏಡಿಯ ಪಾಲನ್ನು ಇನ್ನೂ ಕಳೆದಿಲ್ಲ. ಹತ್ತು ಸಲ ಬೀಸಿದರೆ ಒಂದು ಏಟು ತಗುಲುವುದೂ ಅನುಮಾನ. ಸಾಲದ್ದಕ್ಕೆ, ಸ್ಕಿಲ್ ಬೆಳೆಯುವುದು ತಗುಲಿದ ಏಟಿನಿಂದ ಮಾತ್ರ. ಬೀಸಿದ ಶ್ರಮಕ್ಕೆ ಕೂಲಿಯಿಲ್ಲ.

ಅದೇ ಹುಡುಗ ಮುಖ್ಯ ಸ್ಕಿಲ್ಲಿನ ಆಯುಧ ಹಿಡಿದು, ಉಸಿರು ಸುಧಾರಿಸಿಕೊಂಡು ನಿಂತಿದ್ದರೆ? ಮುಖ್ಯ ಸ್ಕಿಲ್ಲಿನ 30ಕ್ಕೆ ಅಜಿಲಿಟಿ, ಲಕ್‌ಗಳ 12 ಸೇರಿ 42, ಅದಕ್ಕೆ 1.25ರ ಗುಣಾಕಾರ, ಐವತ್ತರ ಮೇಲೆ. ಒಂದೇ ಏಡಿ, ಒಂದೇ ದಡ, ನಾಲ್ಕು ಪಟ್ಟು ವ್ಯತ್ಯಾಸ. ಈ ಲೆಕ್ಕವನ್ನು ಗೇಮ್ ತೆರೆಯ ಮೇಲೆ ಬಿಡಿಸಿ ಹೇಳುವುದಿಲ್ಲ. ಪೆಟ್ಟಿಗೆಯ ಜೊತೆ ಬಂದ ಕೈಪಿಡಿ ಓದಿದವರಿಗೆ ಒಂದಿಷ್ಟಾದರೂ ಸುಳಿವಿತ್ತು. ಆಗ ನಮ್ಮಲ್ಲಿ ಎಷ್ಟೋ ಜನರಿಗೆ ಗೇಮ್ ಎಂದರೆ ಪಾರದರ್ಶಕ ಕವರಿನಲ್ಲಿಟ್ಟ, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಸಿ.ಡಿ. ಕೈಪಿಡಿ ಎಂಬುದೊಂದು ಇರುತ್ತದೆ ಎಂದೇ ಗೊತ್ತಿರಲಿಲ್ಲ.

ಈ ದಾಳದ ಲೆಕ್ಕ ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಆಟ. ಅಲ್ಲಿ ಕತ್ತಿ ಬೀಸುವುದೆಂದರೆ ಇಪ್ಪತ್ತು ಮುಖದ ದಾಳ ಉರುಳಿಸುವುದು. ಮಾರೋವಿಂಡ್‌ನ ಮುಖ್ಯ ವಿನ್ಯಾಸಕಾರ ಕೆನ್ ರೋಲ್‌ಸ್ಟನ್ ಕೂಡ ಕಂಪ್ಯೂಟರಿಗೆ ಬರುವ ಮುಂಚೆ ಅಂಥ ಮೇಜಿನ ಆಟಗಳನ್ನೇ ಬರೆಯುತ್ತಿದ್ದವರು. ‘ಡಯಾಬ್ಲೊ’ ಕಥೆ ಇನ್ನೂ ಸ್ವಾರಸ್ಯದ್ದು. 1996ರ ಕೊನೆಗೆ ಬಂದ ಆ ಗೇಮ್ ಮೊದಲು ಇದ್ದದ್ದು ಸರದಿಯಾಟವಾಗಿ: ನೀವೊಂದು ಹೆಜ್ಜೆ, ದೆವ್ವವೊಂದು ಹೆಜ್ಜೆ. ಪ್ರಕಾಶಕರ ಒತ್ತಾಯಕ್ಕೆ ಗೊಣಗುತ್ತಲೇ ಒಪ್ಪಿ, ಕೆಲವೇ ಗಂಟೆಗಳಲ್ಲಿ ಅದನ್ನು ಎಡೆಬಿಡದ ಆ್ಯಕ್ಷನ್‌ಗೆ ತಿರುಗಿಸಿದೆ ಎಂದು ಅದರ ಪ್ರೋಗ್ರಾಮರ್ ಡೇವಿಡ್ ಬ್ರೆವಿಕ್ ಆಮೇಲೆ ಹೇಳಿಕೊಂಡಿದ್ದಾರೆ. ಸರದಿ ಹೋಯಿತು, ದಾಳ ಉಳಿಯಿತು. ಡಯಾಬ್ಲೊದಲ್ಲೂ ಏಟು ತಗುಲುವುದಕ್ಕೆ ಶೇಕಡಾ ಲೆಕ್ಕವಿದೆ, ಅಲ್ಲೂ ಏಟುಗಳು ಗಾಳಿಗೆ ಹೋಗುತ್ತವೆ. ಯಾರೂ ರೇಗಲಿಲ್ಲ.

ಯಾಕೆ ರೇಗಲಿಲ್ಲ ಎಂಬುದರಲ್ಲೇ ಇಡೀ ವಿಷಯವಿದೆ ಎಂಬುದು ನನ್ನ ವಾದ. ಡಯಾಬ್ಲೊದಲ್ಲಿ ನೀವು ಮೇಲೆಲ್ಲೋ ಕೂತು ಬೊಂಬೆಯಷ್ಟಿರುವ ವೀರನಿಗೆ ಅಪ್ಪಣೆ ಕೊಡುವವರು. ಕತ್ತಿ ಅವನ ಕೈಯಲ್ಲಿದೆ, ತಪ್ಪಿದರೆ ಅವನು ತಪ್ಪಿದ. ಮಾರೋವಿಂಡ್ ಉತ್ತಮ ಪುರುಷದ (ಫಸ್ಟ್ ಪರ್ಸನ್) ಆಟ. ತೆರೆಯ ಬಲತುದಿಯಲ್ಲಿ ಮುಷ್ಟಿ ಕಾಣುತ್ತದೆ, ಅದು ನಿಮ್ಮದೇ. ಗುರಿ ನೋಡಿದವರು ನೀವು, ಹತ್ತಿರ ಹೋದವರು ನೀವು, ಗುಂಡಿ ಒತ್ತಿದ ಗಳಿಗೆಯೂ ನಿಮ್ಮದೇ. ಅಷ್ಟೆಲ್ಲ ನಿಮ್ಮಿಂದ ಮಾಡಿಸಿಕೊಂಡು ಕೊನೆಗೆ ತೀರ್ಪನ್ನು ಮಾತ್ರ ಒಳಗೆ ಕೂತ ಗುಮಾಸ್ತ ಕೊಡುತ್ತಾನೆಂದರೆ ಮೈ ಉರಿಯದೆ ಇರುತ್ತದೆಯೇ?

ಆದರೂ ದಾಳವನ್ನು ದೂರುವವರ ಸಾಲಿಗೆ ನಾನು ಸೇರುವುದಿಲ್ಲ. ಅದೇ 2002ರಲ್ಲಿ ಬಯೋವೇರ್‌ನವರ ‘ನೆವರ್‌ವಿಂಟರ್ ನೈಟ್ಸ್’ ಬಂತು. ಅದು ಸೀದಾ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೆ ನಿಂತ ಗೇಮ್, ತಪ್ಪಿದ ಏಟುಗಳ ಸುಗ್ಗಿ. ಆದರೆ ಅಲ್ಲಿ ಏಟು ತಪ್ಪಿದಾಗ ಎದುರಾಳಿ ಬಗ್ಗುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ, ಕತ್ತಿಗೆ ಕತ್ತಿ ಕೊಡುತ್ತಾನೆ. ತೆರೆಯ ಕೆಳಗೆ ಬಿದ್ದ ದಾಳ ಎಷ್ಟು, ಸೇರಿದ್ದೆಷ್ಟು, ಹೊಡೆತ ಕೂತಿತೋ ತಪ್ಪಿತೋ ಎಂದು ಸಾಲುಸಾಲಾಗಿ ಬರುತ್ತಿರುತ್ತದೆ. ಜಗಲಿಯ ಮೇಲೆ ಚೌಕಾಬಾರ ಆಡುವಾಗ ಕವಡೆ ನಾಲ್ಕು ಜನರ ಕಣ್ಣೆದುರು ಬೀಳುತ್ತದಲ್ಲ, ಹಾಗೆ. ಗರ ಬೀಳದಿದ್ದರೆ ಬೈಯುವುದು ಕವಡೆಯನ್ನು, ಆಟವನ್ನಲ್ಲ. ಮಾರೋವಿಂಡ್ ಕವಡೆಯನ್ನು ಬಾಗಿಲು ಹಾಕಿಕೊಂಡು ಒಳಗೆ ಎಸೆದು, ಹೊರಗೆ ಬಂದು ‘ಆಗಲಿಲ್ಲ’ ಎನ್ನುತ್ತದೆ.

ಮಾರೋವಿಂಡ್‌ನಲ್ಲೇ ಇದಕ್ಕೆ ಸಾಕ್ಷಿಯಿದೆ. ಎದುರಾಳಿಯ ಕೈಯಲ್ಲಿ ಗುರಾಣಿ ಇದ್ದು, ಅದು ನಿಮ್ಮ ಏಟನ್ನು ತಡೆದರೆ ಗುರಾಣಿ ಮೇಲೇಳುವುದು ಕಾಣುತ್ತದೆ, ಟಣ್ ಎಂಬ ಸದ್ದು ಕೇಳುತ್ತದೆ. ಅದೂ ದಾಳದ ತೀರ್ಮಾನವೇ. ಅದರ ಬಗ್ಗೆ ಗೊಣಗಿದ ಒಬ್ಬನನ್ನೂ ನಾನು ಕಂಡಿಲ್ಲ. ಗುರಾಣಿಯಿಲ್ಲದವನು ತಪ್ಪಿಸಿಕೊಳ್ಳುವುದಕ್ಕೂ ಇಂಥದೇ ನಾಲ್ಕು ಚಲನೆಗಳನ್ನು ಬರೆದಿದ್ದರೆ ಇಪ್ಪತ್ತು ವರ್ಷಗಳ ಬೈಗುಳದಲ್ಲಿ ಮುಕ್ಕಾಲು ಪಾಲು ತಪ್ಪುತ್ತಿತ್ತು.

ಬೆತೆಸ್ಡಾದವರು ಬೈಗುಳ ಕೇಳಿದರು, ಮದ್ದು ಮಾತ್ರ ಬೇರೆ ಕೊಟ್ಟರು. 2006ರ ‘ಒಬ್ಲಿವಿಯನ್’ನಲ್ಲಿ ದಾಳವನ್ನೇ ಕಿತ್ತೆಸೆದು, ಬೀಸಿದ್ದೆಲ್ಲ ತಗುಲುವಂತೆ ಮಾಡಿದರು. ಸ್ಕಿಲ್ ಕಡಿಮೆಯಿದ್ದರೆ ಏಟಿನ ಪೆಟ್ಟು ಕಡಿಮೆ, ಅಷ್ಟೆ. ಜೊತೆಗೆ ನೀವು ಬೆಳೆದಂತೆ ಊರ ಶತ್ರುಗಳೂ ಬೆಳೆಯುತ್ತಾರೆ. ಮೊದಲು ಹರಕು ಚರ್ಮ ತೊಟ್ಟು ದಾರಿಗಡ್ಡ ಬರುತ್ತಿದ್ದ ದರೋಡೆಕೋರ ಕೆಲವು ಲೆವೆಲ್ ಕಳೆಯುವಷ್ಟರಲ್ಲಿ ರಾಜಕುಮಾರರಿಗೂ ಸಿಗದ ಗ್ಲಾಸ್ ಕವಚ ತೊಟ್ಟು ನಿಂತಿರುತ್ತಾನೆ. ಆ ಕವಚ ಮಾರಿದರೆ ಅವನು ದರೋಡೆಯನ್ನೇ ಬಿಟ್ಟು ನೆಮ್ಮದಿಯಾಗಿ ಬದುಕಬಹುದಿತ್ತು! ಪರಿಣಾಮ ಏನೆಂದರೆ, ಕತ್ತಿ ತಗುಲುತ್ತದೆ, ರಕ್ತ ಚಿಮ್ಮುತ್ತದೆ, ಎದುರಾಳಿ ಸಾಯುವುದೇ ಇಲ್ಲ. ಒಂದು ಗಾಬ್ಲಿನ್ ಮುಖಂಡನನ್ನು ಕೆಡವಲು ಹತ್ತಿ ಮೂಟೆ ಬಡಿದಂತೆ ಬಡಿಯುತ್ತ ನಿಲ್ಲಬೇಕು. ತಗುಲದ ಏಟಿಗಿಂತ ತಗುಲಿಯೂ ಲೆಕ್ಕಕ್ಕಿಲ್ಲದ ಏಟು ನನಗೆ ಹೆಚ್ಚು ಬೇಸರದ್ದು. 2025ರಲ್ಲಿ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟಾಗಲೂ ಶತ್ರುಗಳು ಜೊತೆಜೊತೆಗೇ ಬೆಳೆಯುವ ಆ ಪದ್ಧತಿ ಹೋಗಲಿಲ್ಲ.

ಸರಿಯಾದ ಉತ್ತರ ಮಾರೋವಿಂಡ್‌ಗಿಂತ ಒಂದು ವರ್ಷ ಮೊದಲೇ ಜರ್ಮನಿಯಲ್ಲಿ ಸಿದ್ಧವಾಗಿತ್ತು. ಪಿರಾನ್ಹಾ ಬೈಟ್ಸ್ ಎಂಬ ಚಿಕ್ಕ ತಂಡ 2001ರಲ್ಲಿ ತಂದ ‘ಗೋಥಿಕ್’ ನೋಡಲು ಒರಟು, ಆಡಲು ಇನ್ನೂ ಒರಟು. ಒಂದು ಕೀ ಅದುಮಿ ಹಿಡಿದೇ ಬಾಣದ ಕೀಗಳನ್ನು ಒತ್ತಬೇಕು. ಹೊಡೆಯುವುದಕ್ಕೂ ಹಾಗೆ, ಸಾಮಾನು ಎತ್ತುವುದಕ್ಕೂ ಹಾಗೆ. ಮೊದಲ ದಿನ ಬೆರಳು ಗಂಟು ಬೀಳುತ್ತದೆ. ಎರಡು ತೋಳ ಒಟ್ಟಿಗೆ ಬಂದರೆ ಮುಗಿಯಿತು, ಕ್ಯಾಮೆರಾ ಒಂದನ್ನೇ ನೋಡುತ್ತಿರುತ್ತದೆ, ಇನ್ನೊಂದು ಬೆನ್ನಿಗೆ ಬಾಯಿ ಹಾಕುತ್ತದೆ. ಇದಕ್ಕೆಲ್ಲ ನನ್ನ ಬಳಿ ಸಮರ್ಥನೆಯಿಲ್ಲ.

ಆದರೆ ಆ ಒರಟುತನದ ಒಳಗೆ ಒಂದು ಅಪರೂಪದ ವಿಚಾರವಿದೆ. ಗಣಿಯ ಸೆರೆಗೆ ತಳ್ಳಿಸಿಕೊಂಡ ನಾಯಕನಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಮತ್ತು ಅದು ಕಣ್ಣಿಗೆ ಕಾಣುತ್ತದೆ. ಒಂದು ಕೈಯ ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದು, ಸೌದೆ ಸೀಳುವವನಂತೆ ಬೀಸುತ್ತಾನೆ. ಒಂದು ಏಟಾದ ಮೇಲೆ ಇನ್ನೊಂದಕ್ಕೆ ಸಾವರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಒಂದೊಂದು ಲೆವೆಲ್ಲಿಗೆ ಹತ್ತು ಕಲಿಕೆಯ ಅಂಕ ಸಿಗುತ್ತದೆ. ಅದನ್ನು ತೆಗೆದುಕೊಂಡು ಹೋಗಿ ಗುರುವಿನ ಮುಂದೆ ನಿಂತರೆ ಆತ ಮೊದಲು ಹೇಳಿಕೊಡುವುದೇ ಕತ್ತಿಯನ್ನು ಒಂದು ಕೈಯಲ್ಲಿ ಹಿಡಿಯುವುದು. ಅವತ್ತಿನಿಂದ ನಿಲುವು ಬದಲು. ಏಟಿನಿಂದ ಏಟಿಗೆ ಜಾರುವುದು ಬರುತ್ತದೆ, ಆದರೆ ತಕ್ಕ ಗಳಿಗೆಯಲ್ಲಿ ಕೀ ಒತ್ತಿದರೆ ಮಾತ್ರ. ಸುಮ್ಮನೆ ಕುಟ್ಟಿದರೆ ಸರಣಿ ಮುರಿಯುತ್ತದೆ. ಅಂದರೆ ಕ್ಯಾರೆಕ್ಟರ್ ಕಲಿತಿರಬೇಕು, ಆಡುವವನೂ ಕಲಿತಿರಬೇಕು. ಅಂಕಿಯೂ ಕೈಯೂ ಒಂದೇ ಏಟಿಗಾಗಿ ಕಿತ್ತಾಡುವುದಿಲ್ಲ, ಪಾಲು ಮಾಡಿಕೊಂಡಿವೆ.

ಸೋಲಿನಲ್ಲೂ ಗೋಥಿಕ್‌ಗೆ ಒಂದು ಮರ್ಯಾದೆಯಿದೆ. ಸೆರೆಯ ಶಿಬಿರದ ಯಾರ ಜೊತೆಗಾದರೂ ಜಗಳ ಕಾದು ಸೋತರೆ ಬಹಳಷ್ಟು ಸಲ ಅವನು ಕೊಲ್ಲುವುದಿಲ್ಲ. ನೆಲಕ್ಕೆ ಕೆಡವಿ, ಅಲ್ಲಿನ ಹಣವಾದ ಅದಿರನ್ನು ಜೇಬಿನಿಂದ ದೋಚಿ, ತನ್ನ ಕೆಲಸಕ್ಕೆ ಹೋಗುತ್ತಾನೆ. ನೀವು ಮೈ ಕೊಡವಿಕೊಂಡು ಏಳಬೇಕು. ಹಳೆಯ ಸೇವ್ ತೆರೆಯುವುದಕ್ಕಿಂತ ಈ ಅವಮಾನ ಎಷ್ಟೋ ವಾಸಿ.

ಉಳಿದವರೂ ತಮ್ಮ ತಮ್ಮ ದಾರಿ ಹುಡುಕಿದ್ದಾರೆ. 2000ದ ‘ಡೇಯಸ್ ಎಕ್ಸ್’ನಲ್ಲಿ ಪಿಸ್ತೂಲು ಬಾರದವನ ಗುರಿಯ ಗೆರೆಗಳು ಅಗಲವಾಗಿ ಬಿಡಿಸಿಕೊಂಡಿರುತ್ತವೆ, ಅಲುಗಾಡದೆ ನಿಂತರೆ ನಿಧಾನಕ್ಕೆ ಕೂಡಿಕೊಳ್ಳುತ್ತವೆ. ಗುಂಡು ತಪ್ಪುವ ಮೊದಲೇ ತಪ್ಪಬಹುದೆಂದು ಗೊತ್ತಾಗುತ್ತದೆ, ಆಮೇಲೆ ಯಾರ ಮೇಲೆ ಸಿಟ್ಟು? 2007ರ ಮೊದಲ ‘ವಿಚರ್’ ನೆವರ್‌ವಿಂಟರ್‌ನ ಎಂಜಿನ್ನನ್ನೇ ಬಗ್ಗಿಸಿ ಕಟ್ಟಿದ್ದು. ಅಲ್ಲಿ ಕತ್ತಿವರಸೆಯೆಲ್ಲ ನಾಯಕ ಗೆರಾಲ್ಟ್‌ನದು, ಮುಂದಿನ ಏಟಿಗೆ ಹೊತ್ತಾಯಿತೆಂದು ಕ್ಲಿಕ್ ಮಾಡುವುದಷ್ಟೇ ನಮ್ಮ ಕೆಲಸ. ಚೆಂದವಾಗಿದೆ, ಆದರೆ ಅರ್ಧ ಗೇಮ್ ಮುಗಿಯುವಷ್ಟರಲ್ಲಿ ಬೆರಳು ತಾನಾಗಿ ಒತ್ತುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ‘ವ್ಯಾಂಪೈರ್: ಬ್ಲಡ್‌ಲೈನ್ಸ್’ನದು ಬೇರೆಯದೇ ಮೋಸ. 2004ರ ಆ ಗೇಮ್ ಬಹುಕಾಲ ಮಾತಿನಲ್ಲೇ ಗೆಲ್ಲಲು ಬಿಟ್ಟು, ಕೊನೆಯ ಭಾಗದಲ್ಲಿ ಬರೀ ಹೊಡೆದಾಟಕ್ಕೆ ತಂದು ನಿಲ್ಲಿಸುತ್ತದೆ. ನಾಲಿಗೆಗೆ ಸುರಿದ ಅಂಕವೆಲ್ಲ ನೀರುಪಾಲು.

ಇಷ್ಟಾಗಿಯೂ ವರ್ಷಕ್ಕೊಮ್ಮೆ ನಾನು ಹೋಗುವುದು ಮಾರೋವಿಂಡ್‌ಗೇ. ಏಟು ಯಾವತ್ತೂ ತಪ್ಪದಂತೆ ಮಾಡುವ ಮಾಡ್‌ಗಳು ಧಾರಾಳವಾಗಿ ಸಿಗುತ್ತವೆ; ಹಾಕಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ದಾಳ ತೆಗೆದರೆ ಅದನ್ನು ನಂಬಿ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಗುರಿಗೆ ಹತ್ತು ಅಂಕ ಕೂಡಿಸಿಕೊಡುವ ವಾರಿಯರ್ ಜನ್ಮರಾಶಿಯನ್ನು ಯಾರು ಆರಿಸುತ್ತಾರೆ? ಏಟಿನಿಂದ ತಪ್ಪಿಸಿಕೊಳ್ಳುವ ಮಂತ್ರಕ್ಕೆ ಏನು ಬೆಲೆ? ಬದಲಿಗೆ ನಿಮ್ಮ ಮುಖ್ಯ ಸ್ಕಿಲ್ಲಿನ ಆಯುಧವನ್ನೇ ಕೊಂಡುಕೊಳ್ಳಿ. ಮೊದಲು ಸಿಕ್ಕ ಹಣವನ್ನು ಕವಚಕ್ಕೆ ಸುರಿಯದೆ ಬಾಲ್ಮೊರಾದ ಫೈಟರ್ಸ್ ಗಿಲ್ಡ್‌ನಲ್ಲಿ ಪಾಠಕ್ಕೆ ಕೊಡಿ. ಜಗಳದ ವಾಸನೆ ಬಂದ ಕೂಡಲೇ ಓಟ ನಿಲ್ಲಿಸಿ ನಡೆಯಿರಿ, ಹಸಿರು ಪಟ್ಟಿ ತುಂಬಲಿ. ಗುಂಡಿಯನ್ನು ಕುಟ್ಟದೆ ಪೂರ್ತಿ ಹಿಂದಕ್ಕೆಳೆದು ಬಿಡಿ, ಏಟಿನ ಬಲ ಇರುವುದು ಅದರಲ್ಲಿ. ಸ್ಕಿಲ್ ಅರವತ್ತು ದಾಟಿದ ಮೇಲೆ ಏಟು ತಪ್ಪುವುದು ಅಪರೂಪ. ಆ ಏಡಿಯ ಹೊಡೆತಗಳನ್ನು ನೆನೆದು ಮೀಸೆ ತಿರುವಿಕೊಳ್ಳುವ ಸುಖ ಒಬ್ಲಿವಿಯನ್ ಯಾವತ್ತೂ ಕೊಟ್ಟಿಲ್ಲ.

ಕ್ಲಿಫ್ ರೇಸರ್‌ಗಳಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ. ಬೆಟ್ಟದ ಆಚೆಯಿಂದ ಚೀರುತ್ತ ಬಂದು, ತಲೆಯ ಮೇಲೆ ಕತ್ತಿಗೆ ಎಟುಕದಂತೆ ಸುತ್ತುತ್ತ, ಒಂದನ್ನು ಕೊಲ್ಲುವಷ್ಟರಲ್ಲಿ ಇನ್ನೆರಡಾಗುವ ಈ ಹಾರುವ ಪೀಡೆಯನ್ನು ಸೃಷ್ಟಿಸಿದ್ದಕ್ಕೆ ಬೆತೆಸ್ಡಾದವರಿಗೂ ಪಶ್ಚಾತ್ತಾಪವಾಗಿರಬೇಕು. ಒಬ್ಲಿವಿಯನ್‌ನಲ್ಲಿ ಊರಿನ ಜನ ಒಂದು ಸುದ್ದಿ ಮಾತಾಡಿಕೊಳ್ಳುತ್ತಾರೆ: ಮಾರೋವಿಂಡ್‌ನ ಆರಂಭದಲ್ಲಿ ಹಡಗಿನೊಳಗೆ ನಿಮ್ಮನ್ನು ಎಬ್ಬಿಸಿದ ಜೂಬ್ ಎಂಬ ಖೈದಿ ಆ ದ್ವೀಪದಿಂದ ರೇಸರ್‌ಗಳನ್ನೆಲ್ಲ ಓಡಿಸಿದನಂತೆ, ಅದಕ್ಕೆ ಅವನನ್ನು ಸಂತನೆಂದು ಸಾರಿದರಂತೆ. ಕಡಿಮೆಯಾಯಿತು. ಒಂದು ಗುಡಿಯನ್ನೂ ಕಟ್ಟಿಸಬೇಕಿತ್ತು.