ಕಾದ ಟ್ರಾನ್ಸಿಸ್ಟರಿಗೆ ತಂತ್ರಾಂಶದ ಮದ್ದು

ಹೈಬ್ರಿಡ್ ಕಾರಿನ ಬಗ್ಗೆ ತರಗತಿಯಲ್ಲಿ ನಾವು ಸಾಮಾನ್ಯವಾಗಿ ಹೇಳುವುದು ಇಷ್ಟು: ಇದರಲ್ಲಿ ಪೆಟ್ರೋಲ್ ಎಂಜಿನ್ ಇದೆ, ವಿದ್ಯುತ್ ಮೋಟಾರೂ ಇದೆ, ಒಂದು ಕೈಕೊಟ್ಟರೆ ಇನ್ನೊಂದು ಕಾರನ್ನು ಓಡಿಸುತ್ತದೆ. ಈ ಮಾತಿನ ಕೊನೆಯ ಭಾಗ ಟೊಯೋಟಾ ಪ್ರಿಯಸ್ ಕಾರಿನ ಮಟ್ಟಿಗೆ ಸರಿಯಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿದೆ, ಬ್ಯಾಟರಿ ಚೆನ್ನಾಗಿದೆ, ಎಂಜಿನ್ನಿನಲ್ಲಿ ದೋಷವಿಲ್ಲ. ಆದರೂ ಕಾರು ಹೆದ್ದಾರಿಯ ನಡುವೆ ನಿಂತುಬಿಡಬಹುದು. 2009ರಲ್ಲಿ ಮಾರುಕಟ್ಟೆಗೆ ಬಂದ ಮೂರನೆಯ ತಲೆಮಾರಿನ ಪ್ರಿಯಸ್ ಬಗ್ಗೆ ಅಮೆರಿಕದ ಮಾಲೀಕರು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಗೆ ದೂರಿಕೊಂಡದ್ದು ಇದನ್ನೇ. ಎಚ್ಚರಿಕೆಯ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಕಾರಿನ ಶಕ್ತಿ ಉಡುಗುತ್ತದೆ.

ಇಂಥಲ್ಲಿ ಎಲ್ಲರ ಅನುಮಾನ ಮೊದಲು ಹೋಗುವುದು ಬ್ಯಾಟರಿಯ ಮೇಲೆ. ಇಲ್ಲಿ ಅಪರಾಧಿ ಅದಲ್ಲ. ಬ್ಯಾಟರಿಯಲ್ಲಿ 1.2 ವೋಲ್ಟಿನ 168 ನಿಕ್ಕಲ್ ಲೋಹ ಹೈಡ್ರೈಡ್ ಕೋಶಗಳಿವೆ, ಒಟ್ಟು 201.6 ವೋಲ್ಟ್. ಮೋಟಾರಿಗೆ ಹೋಗುವ ಮೊದಲು ಈ ವಿಭವವನ್ನು ಇನ್ವರ್ಟರ್ ಪೆಟ್ಟಿಗೆಯೊಳಗಿನ ಒಂದು ಮಂಡಲ 650 ವೋಲ್ಟಿನವರೆಗೆ ಏರಿಸುತ್ತದೆ. ಏಕೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 27 ಕಿಲೋವಾಟ್ ಶಕ್ತಿಯನ್ನು 201.6 ವೋಲ್ಟಿನಲ್ಲಿ ಸಾಗಿಸಲು ಸುಮಾರು 134 ಆಂಪಿಯರ್ ಬೇಕು. 650 ವೋಲ್ಟಿನಲ್ಲಾದರೆ 42 ಆಂಪಿಯರ್ ಸಾಕು. ತಂತಿಯಲ್ಲಿ ಉಂಟಾಗುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಜಾಣ ಉಪಾಯವೇ ಸರಿ. ಆದರೆ ಮೋಟಾರಿನ ತಂತಿಗೆ ತಪ್ಪಿದ ಆ 134 ಆಂಪಿಯರುಗಳ ಹೊರೆ, ವಿಭವ ಏರಿಸುವ ಟ್ರಾನ್ಸಿಸ್ಟರುಗಳ ಮೇಲೆ ಬೀಳುತ್ತದೆ. ಅವು ಸೆಕೆಂಡಿಗೆ ಸಾವಿರಾರು ಬಾರಿ ಪ್ರವಾಹವನ್ನು ಬಿಟ್ಟು ಹಿಡಿಯುತ್ತ, ಕಾಯುತ್ತ, ತಣಿಯುತ್ತ ಇರುತ್ತವೆ.

ಈ ಪೆಟ್ಟಿಗೆ ಕೆಟ್ಟರೆ ಪೆಟ್ರೋಲ್ ಎಂಜಿನ್ ಏಕೆ ಉಪಯೋಗಕ್ಕೆ ಬರುವುದಿಲ್ಲ? ಪ್ರಿಯಸ್‌ನಲ್ಲಿ ಎಂಜಿನ್ನನ್ನು ಚಾಲೂ ಮಾಡಲು ಬೇರೆ ಸ್ಟಾರ್ಟರ್ ಇಲ್ಲ. ಒಂದು ಮೋಟಾರು-ಜನರೇಟರೇ ಆ ಕೆಲಸ ಮಾಡಬೇಕು. ಎಂಜಿನ್ ಓಡುತ್ತಿದ್ದರೂ ಅದರ ಟಾರ್ಕ್ ಚಕ್ರಕ್ಕೆ ಹೋಗುವುದು ಗ್ರಹ ಗೇರಿನ ಮೂಲಕ. ನಡುವಿನ ಸೂರ್ಯ ಗೇರಿಗೆ 30 ಹಲ್ಲು, ಹೊರಬಳೆಗೆ 78. ಆದ್ದರಿಂದ ಟಾರ್ಕಿನ ಶೇಕಡ 72 ಹೊರಬಳೆಯ ಮೂಲಕ ಚಕ್ರಕ್ಕೆ, ಶೇಕಡ 28 ಸೂರ್ಯ ಗೇರಿಗೆ ಕಚ್ಚಿಕೊಂಡಿರುವ ಜನರೇಟರಿಗೆ. ಜನರೇಟರು ತನ್ನ ಪಾಲಿನ ಪ್ರತಿರೋಧ ಒಡ್ಡದಿದ್ದರೆ ಚಕ್ರದ ಪಾಲೂ ಸೊನ್ನೆಯಾಗುತ್ತದೆ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದು ಹಿಂಗಾಲಿ ಹೂತು ಗಿರಗಿರನೆ ಸುತ್ತುವಾಗ ಗಟ್ಟಿ ನೆಲದ ಮೇಲಿನ ಇನ್ನೊಂದು ಗಾಲಿ ಎಳೆಯದೆ ಸುಮ್ಮನಿರುವುದನ್ನು ಹಳ್ಳಿಯ ವಿದ್ಯಾರ್ಥಿಗಳು ಕಂಡಿರುತ್ತಾರೆ. ಇದೂ ಅದೇ ಕಥೆ. ಬಿಡದಿಯಲ್ಲಿ 2013ರಿಂದ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್ ಕಾರಿನಲ್ಲಿಯೂ ಇದೇ ಬಗೆಯ ಗೇರಿನ ಏರ್ಪಾಡಿದೆ. ಅದರ ಇನ್ವರ್ಟರ್ ಬೇರೆ. ಪ್ರಿಯಸ್‌ನ ದೋಷವನ್ನು ಅದಕ್ಕೆ ಅಂಟಿಸಬಾರದು.

ಈಗ ಸಂಸ್ಥೆ ಮಾಡಿದ ರಿಪೇರಿಯ ವಿಚಾರ. 2014ರ ಫೆಬ್ರವರಿಯಲ್ಲಿ ಟೊಯೋಟಾ ಪ್ರಪಂಚದಾದ್ಯಂತ 19 ಲಕ್ಷ ಪ್ರಿಯಸ್ ಕಾರುಗಳನ್ನು ಹಿಂದಕ್ಕೆ ಕರೆಸಿತು. ನಿಯಂತ್ರಣ ತಂತ್ರಾಂಶದಿಂದಾಗಿ ಕೆಲವು ಟ್ರಾನ್ಸಿಸ್ಟರುಗಳು ಹೆಚ್ಚು ಕಾದು ವಿರೂಪಗೊಳ್ಳಬಹುದು ಎಂಬುದು ಅದರ ವಿವರಣೆ. ಪರಿಹಾರ, ಹೊಸ ತಂತ್ರಾಂಶ. ಇದು ಬರಿಯ ಕಣ್ಣೊರೆಸುವ ತಂತ್ರ ಎನ್ನಲಾರೆ. ಟ್ರಾನ್ಸಿಸ್ಟರಿನ ಮೇಲಿನ ಹೊರೆಯನ್ನು ತಂತ್ರಾಂಶ ನಿಜವಾಗಿಯೂ ಇಳಿಸಬಲ್ಲದು. ಕಾರ್ಖಾನೆಯಿಂದ ಆಗತಾನೆ ಹೊರಬಂದ ಕಾರಿಗೆ ಅದು ಸಾಕಾಗಲೂಬಹುದು.

ನಾಲ್ಕೈದು ವರ್ಷ ಓಡಿದ ಕಾರಿನ ಗತಿಯೇನು? ಉಷ್ಣಕ್ಕೆ ಸಿಲಿಕಾನ್ ಹಿಗ್ಗುವುದಕ್ಕಿಂತ ತಾಮ್ರ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಹೀಗೆ ಹಿಗ್ಗು ಬೇರೆಯಾದ ಪದರಗಳನ್ನು ಹಿಡಿದಿಟ್ಟಿರುವ ಬೆಸುಗೆ ಪ್ರತಿ ಬಾರಿ ಕಾದು ತಣಿದಾಗಲೂ ಅತ್ತಿತ್ತ ಎಳೆದಾಡಿಸಿಕೊಳ್ಳುತ್ತದೆ. ಸೂಕ್ಷ್ಮ ಬಿರುಕು ಮೂಡುತ್ತದೆ. ಬಿರುಕು ಬಿಟ್ಟಲ್ಲಿ ಉಷ್ಣ ಹೊರಹೋಗದೆ ಟ್ರಾನ್ಸಿಸ್ಟರ್ ಇನ್ನಷ್ಟು ಕಾಯುತ್ತದೆ. ಶಕ್ತಿ ಅರೆವಾಹಕಗಳ ದಣಿವು ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಆಗಿಹೋದ ಬಿರುಕನ್ನು ಯಾವ ತಂತ್ರಾಂಶವೂ ಬೆಸೆಯಲಾರದು. ಎಚ್ಚರಿಕೆಯ ದೀಪ ಹೊತ್ತದ ಕಾರುಗಳಲ್ಲಿ ಹಳೆಯ ಇನ್ವರ್ಟರನ್ನೇ ಉಳಿಸಿಕೊಂಡು ತಂತ್ರಾಂಶವನ್ನಷ್ಟೇ ಬದಲಿಸಿದ್ದು ನನಗೆ ಒಪ್ಪಿಗೆಯಾಗದ ಹೆಜ್ಜೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಟೊಯೋಟಾ ವಿತರಕರೊಬ್ಬರೇ, ತಿದ್ದುಪಡಿಯಾದ ಮೇಲೂ ಕಾರುಗಳು ಕೆಡುತ್ತಿವೆಯೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಸಂಸ್ಥೆ ಆರೋಪವನ್ನು ಒಪ್ಪಲಿಲ್ಲ.

ಮರುವರ್ಷ, 2018ರ ಅಕ್ಟೋಬರಿನಲ್ಲಿ, 24 ಲಕ್ಷ ಹೈಬ್ರಿಡ್ ಕಾರುಗಳಿಗೆ ಮತ್ತೆ ಕರೆ ಹೋಯಿತು. ದೋಷ ಕಂಡಾಗ ಕಾರು ಕುಂಟುತ್ತಲಾದರೂ ಓಡಲಿ ಎಂದು ಅಳವಡಿಸಿದ್ದ ಸುರಕ್ಷಾ ಕ್ರಮ ಅಪರೂಪಕ್ಕೆ ಜಾರಿಗೆ ಬರದಿರಬಹುದು, ಹಿಂದಿನ ಪರಿಹಾರ ಈ ಸ್ಥಿತಿಯನ್ನು ಊಹಿಸಿರಲಿಲ್ಲ ಎಂದು ಸಂಸ್ಥೆ ಹೇಳಿತು. ಪರಿಹಾರ, ಮತ್ತೆ ತಂತ್ರಾಂಶ. ‘ಅಪರೂಪ’ ಎಂಬ ಪದವನ್ನು ವಿಜ್ಞಾನ ಓದಿದವರು ಹಾಗೆಯೇ ನುಂಗಬಾರದು. ಸಾವಿರಕ್ಕೊಂದು ಎಂದುಕೊಂಡರೂ 24 ಲಕ್ಷದಲ್ಲಿ ಅದು 2,400 ಕಾರು.

2020ರ ಜೂನಿನಲ್ಲಿ ಇನ್ನೂ ಏಳೂವರೆ ಲಕ್ಷ ಕಾರುಗಳು ಇದೇ ದಾರಿ ಹಿಡಿದವು. ಈ ಬಾರಿಯೂ ತಂತ್ರಾಂಶವೇ. ಜೊತೆಗೆ, ಈ ಕಾರಣದಿಂದ ಇನ್ವರ್ಟರ್ ಕೆಟ್ಟರೆ ಉಚಿತವಾಗಿ ರಿಪೇರಿ ಮಾಡಿಕೊಡುವ ಅಥವಾ ಬದಲಿಸಿಕೊಡುವ ಭರವಸೆ. ಅದು ಕೆಡುವ ಹೊತ್ತಿನಲ್ಲಿ ಕಾರು ಎಲ್ಲಿರುತ್ತದೆ ಎಂಬುದೇ ಮಾಲೀಕರ ದೂರಾಗಿತ್ತು.