ಆಶುವಿನ ಬಿಡುಗಡೆ ಪತ್ರ

ಮಂಗಳೂರಿನ ಇತಿಹಾಸ ಬರೆಯುವವರಿಗೆ ಇಬ್ನ್ ಬತೂತ ಬಲು ಪ್ರಿಯ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂಬ ಅವನ ಮಾತನ್ನು ನಾವೆಲ್ಲ ಹೆಮ್ಮೆಯಿಂದ ಉದ್ಧರಿಸುತ್ತೇವೆ. ಅದರ ಬೆನ್ನಿಗೇ ಅವನು ಇನ್ನೊಂದು ಮಾತು ಹೇಳಿದ್ದಾನೆ: ಇವರಿಗೂ ಊರವರಿಗೂ ಆಗಾಗ ಕಾಳಗವಾಗುತ್ತಿತ್ತು, ವರ್ತಕರು ಬೇಕಾಗಿದ್ದುದರಿಂದ ಅರಸ ರಾಜಿ ಮಾಡಿಸುತ್ತಿದ್ದ. ಸೌಹಾರ್ದದ ಭಾಷಣಗಳಲ್ಲಿ ಈ ಮಾತು ಕೇಳಿಬರುವುದು ಕಡಿಮೆ.

ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಓದುವಾಗಲೂ ಈ ಎಚ್ಚರ ಬೇಕೆನಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಸಿನಗಾಗ್‌ ಒಂದರಲ್ಲಿ ಉಳಿದುಬಂದವು. ಅರಬಿ ಭಾಷೆ, ಹೀಬ್ರೂ ಲಿಪಿ! ಇಲ್ಲಿಂದ ಏಡನ್‌ಗೆ ಅಡಿಕೆ, ಮೆಣಸು, ಕಬ್ಬಿಣ. ಅಲ್ಲಿಂದ ಇಲ್ಲಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ. ತಾಮ್ರ ತರಿಸಿ ಇಲ್ಲಿನ ಕುಶಲಕರ್ಮಿಗಳಿಂದ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. ಕರಾವಳಿಗೆ 'ಹೊರಗಿನವರು' ಬಂದದ್ದು ಕತ್ತಿ ಹಿಡಿದೇ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಪೋರ್ಚುಗೀಸರು ಬರುವವರೆಗೆ ಈ ಕಡಲು ಶಾಂತವಾಗಿತ್ತು, 1509ರ ದಿಯು ಕದನದೊಂದಿಗೆ ಆ ಲೋಕ ಮುಳುಗಿತು ಎಂಬುದು ಘೋಷ್ ವಾದದ ಸಾರ. ಆದರೆ 1135ರಲ್ಲಿ ಕೀಶ್ ದ್ವೀಪದ ನೌಕೆಗಳು ಏಡನ್ ಬಂದರಿಗೆ ಮುತ್ತಿಗೆ ಹಾಕಿದ್ದನ್ನು ಹೇಳುವುದೂ ಇದೇ ಪುಸ್ತಕ. ಕಡಲಲ್ಲಿ ಹಿಂಸೆ ಹೊಸದಲ್ಲ. ಕಡಲೇ ತಮ್ಮದೆಂದು ಹಡಗುಗಳಿಗೆ ರಹದಾರಿ ವಿಧಿಸಿದ್ದು ಪೋರ್ಚುಗೀಸರ ಹೊಸತನ; ಉಳ್ಳಾಲದ ಅಬ್ಬಕ್ಕ ಅವರಿಗೆ ಕಪ್ಪ ಕೊಡಲೊಪ್ಪದೆ ಸೆಣಸಿದ್ದು ಈ ದರ್ಪದ ವಿರುದ್ಧವೇ. ಈ ವ್ಯತ್ಯಾಸವನ್ನು ಘೋಷ್ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ನಮ್ಮ ದೊಡ್ಡ ತಕರಾರು ಗುಲಾಮಗಿರಿಯ ಬಗ್ಗೆ. ಬೆನ್ ಯಿಜುವಿನ ಗುಲಾಮ ಬೊಮ್ಮ ಯಜಮಾನನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸಿದವನು. ಅಂದಿನ ದಾಸ್ಯ ಬೇರೆ ಬಗೆಯದು, ವಚನಕಾರರೂ ಸೂಫಿಗಳೂ ಅದನ್ನು ಭಕ್ತಿಯ ರೂಪಕವಾಗಿಸಿಕೊಂಡರು ಎನ್ನುತ್ತಾರೆ ಘೋಷ್. ನಿಜವೇ. ನಮ್ಮಲ್ಲೂ 'ಅಬ್ದ್' ಎಂದರೆ ದಾಸ, ಭಕ್ತ ಎರಡೂ. ಆದರೆ ದೇವರ ದಾಸನಾಗುವುದು ಒಲಿದು ಮಾಡುವ ಕೆಲಸ. ಮನುಷ್ಯನ ದಾಸಿಯಾಗಿದ್ದ ಆಶು ಎಂಬ ಹೆಣ್ಣಿಗೆ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬಿಡುಗಡೆಯ ಪತ್ರ ಬರೆದುಕೊಡಬೇಕಾಯಿತು. ರೂಪಕಕ್ಕೆ ಅಂಥ ಕಾಗದದ ಅಗತ್ಯ ಬೀಳುವುದಿಲ್ಲ.

ಬೊಮ್ಮನ ಹೆಸರಿನ ಮೂಲ ಹುಡುಕುತ್ತ ಘೋಷ್ ತುಳುನಾಡಿನ ಭೂತಾರಾಧನೆಯವರೆಗೂ ಹೋಗುತ್ತಾರೆ. ಆ ಪುಟಗಳು ಸೊಗಸಾಗಿವೆ. ಆಶುವಿಗೆ ಸಿಕ್ಕಿರುವುದು ಕೆಲವೇ ಪುಟ. 1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಮರಳಿದ. ಅವಳೂ ಆ ಹಡಗು ಹತ್ತಿದಳೆಂದು ಯಾವ ಪತ್ರವೂ ಹೇಳುವುದಿಲ್ಲ.